ದೇಶ ಶೇ. 7ರಂತೆ ಬೆಳೆದರೂ ಮನೆಯ ಆದಾಯ ನಿಂತಲ್ಲೇ ನಿಲ್ಲುವುದು ಹೇಗೆ?

ಪ್ರಶ್ನೆ: ಕೆಲವು ದೇಶಗಳ ಆರ್ಥಿಕತೆ ವರ್ಷದಿಂದ ವರ್ಷಕ್ಕೆ ಶೇ. 7, ಶೇ. 8ರಂತೆ ಬೆಳೆಯುತ್ತಿದೆ ಎಂದು ಓದುತ್ತೇವೆ. ಆ ವೇಗದಲ್ಲಿ ಹತ್ತು ವರ್ಷಕ್ಕೆ ಎಲ್ಲವೂ ದುಪ್ಪಟ್ಟಾಗಬೇಕು. ಆದರೆ ಅಲ್ಲಿನ ಸಾಮಾನ್ಯ ಜನರನ್ನು ಕೇಳಿದರೆ ಬದುಕು ಹಾಗೇ ಇದೆ, ಇನ್ನೂ ಬಿಗಿಯಾಗಿದೆ ಎನ್ನುತ್ತಾರೆ. ಅಂಕಿಅಂಶ ಸುಳ್ಳೋ, ಜನರ ಅನುಭವ ಸುಳ್ಳೋ?

ಉತ್ತರ: ಬಹಳಷ್ಟು ಸಲ ಎರಡೂ ನಿಜವೇ. ಬೆಳವಣಿಗೆ ದರ ಅಳೆಯುವುದು ಒಂದನ್ನು, ಜನ ಅನುಭವಿಸುವುದು ಇನ್ನೊಂದನ್ನು.

ಜಿಡಿಪಿ, ಅಂದರೆ ಒಟ್ಟು ಆಂತರಿಕ ಉತ್ಪನ್ನ, ದೇಶದ ಗಡಿಯೊಳಗೆ ಒಂದು ವರ್ಷದಲ್ಲಿ ತಯಾರಾದ ಸರಕು ಮತ್ತು ಸೇವೆಗಳ ಮೌಲ್ಯ. ಅದು ಯಾರ ಕೈ ಸೇರಿತು, ಅದಕ್ಕಾಗಿ ಜನ ಎಷ್ಟು ಹೊತ್ತು ದುಡಿದರು, ಏನನ್ನು ಕಳೆದುಕೊಂಡರು ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಕಟ್ಟಿ ಮುಗಿಸಿ ಖಾಲಿ ಬಿದ್ದಿರುವ ವಸತಿ ಸಮುಚ್ಚಯವೂ ಕಟ್ಟಿದ ವರ್ಷದ ಜಿಡಿಪಿಗೆ ಪೂರ್ತಿ ಸೇರುತ್ತದೆ. ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಸರಕನ್ನೂ ದಾಸ್ತಾನಿನ ಏರಿಕೆ ಎಂದು ಕೂಡಿಸುತ್ತಾರೆ. ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬುನಾದಿ ಹಾಕಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಮೆರಿಕದ ಕಾಂಗ್ರೆಸ್‌ಗೆ ಸಲ್ಲಿಸಿದ ವರದಿಯಲ್ಲಿ, ಈ ಮೊತ್ತವನ್ನು ನೋಡಿ ಒಂದು ದೇಶದ ಜನರ ಯೋಗಕ್ಷೇಮವನ್ನು ಅಂದಾಜು ಮಾಡಲಾಗದು ಎಂದು ಎಚ್ಚರಿಸಿದ್ದರು. 2014ರ ಏಪ್ರಿಲ್‌ನಲ್ಲಿ ನೈಜೀರಿಯಾ ತನ್ನ ಲೆಕ್ಕದ ಮೂಲ ವರ್ಷವನ್ನು, ಅಂದರೆ ಹೋಲಿಕೆಗೆ ಆಧಾರವಾಗಿ ಹಿಡಿಯುವ ವರ್ಷವನ್ನು, 1990ರಿಂದ 2010ಕ್ಕೆ ಬದಲಿಸಿದಾಗ ಅದರ ಜಿಡಿಪಿ ಒಂದೇ ದಿನದಲ್ಲಿ ಶೇ. 89ರಷ್ಟು ದೊಡ್ಡದಾಯಿತು, ಆಫ್ರಿಕಾದ ಅತಿದೊಡ್ಡ ಆರ್ಥಿಕತೆ ಎಂಬ ಸ್ಥಾನವೂ ಸಿಕ್ಕಿತು. ತಪ್ಪೇನೂ ನಡೆದಿರಲಿಲ್ಲ. ಹಿಂದೆ ಲೆಕ್ಕಕ್ಕೆ ಸಿಗದಿದ್ದ ದೂರವಾಣಿ, ಚಲನಚಿತ್ರದಂಥ ಚಟುವಟಿಕೆಗಳು ಈಗ ಸಿಕ್ಕಿದ್ದವು, ಅಷ್ಟೆ. ಮರುದಿನ ಯಾರ ಮನೆಯ ಖರ್ಚುವೆಚ್ಚವೂ ಬದಲಾಗಲಿಲ್ಲ.

ದೇಶದ ಉತ್ಪಾದನೆ ಒಂದು ಮನೆಯನ್ನು ತಲುಪುವ ದಾರಿಗಳು ಕೆಲವೇ: ದುಡಿಮೆಯ ಸಂಬಳ, ಆಸ್ತಿಯಿಂದ ಬರುವ ಆದಾಯ, ಸರ್ಕಾರದಿಂದ ಸಿಗುವ ಶಾಲೆ, ಆಸ್ಪತ್ರೆ, ನೀರು, ಪಿಂಚಣಿ, ಮತ್ತು ಕೊಳ್ಳುವ ವಸ್ತುಗಳು ಅಗ್ಗವಾಗುವುದು. ಬೆಳವಣಿಗೆ ಇವುಗಳಲ್ಲಿ ಯಾವ ದಾರಿಯಲ್ಲಿ, ಎಷ್ಟು ಹರಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದರ ಎಷ್ಟು ದೊಡ್ಡದು ಎನ್ನುವುದು ಆಮೇಲಿನ ಪ್ರಶ್ನೆ.

ಏಳು ಹೇಗೆ ಸೊನ್ನೆಯಾಗುತ್ತದೆ

ಇದನ್ನು ಒಂದು ಲೆಕ್ಕದಲ್ಲೇ ನೋಡೋಣ. ಅಂಕಿಗಳು ಉದಾಹರಣೆಗಾಗಿ ಆರಿಸಿಕೊಂಡವು, ಆದರೆ ಒಂದೂ ಅಸಹಜವಲ್ಲ.

ಹಣದುಬ್ಬರ ಕಳೆದ ಮೇಲೆ ಒಂದು ದೇಶದ ಜಿಡಿಪಿ 100ರಿಂದ 107ಕ್ಕೆ ಏರಿತು ಎನ್ನಿ. ಹಿಂದಿನ ವರ್ಷ ಅದರಲ್ಲಿ ಸಂಬಳ ಮತ್ತು ಕೂಲಿಯ ಪಾಲು ಶೇ. 55, ಉಳಿದದ್ದು ಲಾಭ, ಬಡ್ಡಿ, ಬಾಡಿಗೆ ಮತ್ತು ತೆರಿಗೆ. ಈ ವರ್ಷ ಆ ಪಾಲು ಶೇ. 53.5ಕ್ಕೆ ಇಳಿಯಿತು. ಆಗ ಸಂಬಳದ ಒಟ್ಟು ಮೊತ್ತ 55ರಿಂದ 57.2ಕ್ಕೆ ಏರುತ್ತದೆ, ಅಂದರೆ ಶೇ. 4.1. ಪಾಲಿನಲ್ಲಿ ಒಂದೂವರೆ ಅಂಶದ ಇಳಿಕೆ ಸಣ್ಣದಾಗಿ ಕಾಣುತ್ತದೆ, ಆದರೆ ಬೆಳವಣಿಗೆಯ ಹೆಚ್ಚುಕಡಿಮೆ ಮೂರು ಅಂಶಗಳನ್ನು ಅದೊಂದೇ ನುಂಗಿತು.

ಆ ವರ್ಷ ದುಡಿಯುವವರ ಸಂಖ್ಯೆಯೂ ಶೇ. 2ರಷ್ಟು ಹೆಚ್ಚಿತು. ತಲೆಗೆ ಹಂಚಿದರೆ ಏರಿಕೆ ಶೇ. 2.

ಇನ್ನು ಬೆಲೆ. ಜಿಡಿಪಿಯಿಂದ ಹಣದುಬ್ಬರ ಕಳೆಯಲು ಬಳಸುವ ಸೂಚ್ಯಂಕ ಬೇರೆ, ಮನೆಗಳು ಎದುರಿಸುವ ಬೆಲೆ ಬೇರೆ. ಮೊದಲನೆಯದರಲ್ಲಿ ಯಂತ್ರೋಪಕರಣ, ರಫ್ತು ಸರಕು, ಸರ್ಕಾರಿ ಸೇವೆ ಎಲ್ಲದರ ಬೆಲೆ ಇರುತ್ತದೆ, ಆಮದು ಸರಕಿನ ಬೆಲೆ ಇರುವುದಿಲ್ಲ. ಆಮದು ಇಂಧನ ದುಬಾರಿಯಾದರೆ ಮನೆಯ ಖರ್ಚು ಏರುತ್ತದೆ, ಆದರೆ ಜಿಡಿಪಿಯ ಬೆಲೆ ಸೂಚ್ಯಂಕಕ್ಕೆ ಅದು ನೇರವಾಗಿ ತಟ್ಟುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಜಿಡಿಪಿ ಸೂಚ್ಯಂಕ ಶೇ. 3 ಏರಿದಾಗ ಮನೆಗಳ ಬೆಲೆ ಶೇ. 5 ಏರಿತು ಎನ್ನಿ. ಶೇ. 2ರ ಗಳಿಕೆಯಲ್ಲಿ ಈಗ ಉಳಿಯುವುದು ಶೇ. 0.1.

ಇಷ್ಟಾದರೂ ಇದು ಸರಾಸರಿಯ ಮಾತು. ಹತ್ತು ಮನೆಗಳಿವೆ, ಒಂಬತ್ತಕ್ಕೆ ತಲಾ 10, ಹತ್ತನೆಯದಕ್ಕೆ 110, ಒಟ್ಟು 200 ಆದಾಯ ಎಂದುಕೊಳ್ಳಿ. ಒಟ್ಟು ಶೇ. 7 ಏರಿ 214 ಆಯಿತು. ಹೆಚ್ಚಿದ 14ರಲ್ಲಿ 12 ಹತ್ತನೆಯ ಮನೆಗೆ ಹೋದರೆ ಅದರ ಏರಿಕೆ ಶೇ. 11ರ ಹತ್ತಿರ, ಉಳಿದ ಒಂಬತ್ತರದ್ದು ಶೇ. 2.2. ಸರಾಸರಿ ಮಾತ್ರ ಎಲ್ಲರಿಗೂ ಶೇ. 7 ಎಂದೇ ಹೇಳುತ್ತದೆ. ಇದಕ್ಕಾಗಿಯೇ ಮಧ್ಯಾಂಕವನ್ನು, ಎಂದರೆ ಎಲ್ಲ ಮನೆಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದಾಗ ನಡುವೆ ಬರುವ ಮನೆಯ ಆದಾಯವನ್ನು, ನೋಡಬೇಕು. ಅಮೆರಿಕದ ಜನಗಣತಿ ಸಂಸ್ಥೆಯ ಅಂಕಿಗಳ ಪ್ರಕಾರ, ಹಣದುಬ್ಬರ ಕಳೆದ ಮೇಲೆ 2014ರ ಮಧ್ಯಾಂಕ ಕುಟುಂಬ ಆದಾಯ 1999ರದ್ದಕ್ಕಿಂತ ಕಡಿಮೆಯಿತ್ತು. ಅದೇ ಅವಧಿಯಲ್ಲಿ ಆ ದೇಶದ ನೈಜ ಜಿಡಿಪಿ, ಅಂದರೆ ಹಣದುಬ್ಬರ ಕಳೆದ ಜಿಡಿಪಿ, ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು.

ಬೆಲೆಯ ವಿಷಯದಲ್ಲೂ ಎಲ್ಲರ ಹಣದುಬ್ಬರ ಒಂದೇ ಅಲ್ಲ. ಆಹಾರದ ಬೆಲೆ ಶೇ. 8, ಉಳಿದವುಗಳ ಬೆಲೆ ಶೇ. 3 ಏರಿದ ವರ್ಷದಲ್ಲಿ, ಖರ್ಚಿನ ಅರ್ಧವನ್ನು ಊಟಕ್ಕೇ ಹಾಕುವ ಮನೆಗೆ ಹಣದುಬ್ಬರ ಶೇ. 5.5. ಐದನೇ ಒಂದು ಭಾಗ ಮಾತ್ರ ಹಾಕುವ ಮನೆಗೆ ಶೇ. 4. ಹೀಗೆ ನಾಲ್ಕೈದು ವರ್ಷ ನಡೆದರೆ ಅಂತರ ದೊಡ್ಡದೇ ಆಗುತ್ತದೆ, ಪ್ರಕಟವಾಗುವ ಒಂದೇ ಸೂಚ್ಯಂಕದಲ್ಲಿ ಅದು ಕಾಣುವುದಿಲ್ಲ.

ಗಡಿಯೊಳಗೆ ಹುಟ್ಟಿ ಹೊರಗೆ ಹೋಗುವ ಆದಾಯ

ಐರ್ಲೆಂಡ್‌ನ 2015ರ ಬೆಳವಣಿಗೆ ಶೇ. 26ಕ್ಕೂ ಹೆಚ್ಚು ಎಂದು 2016ರ ಜುಲೈನಲ್ಲಿ ಪ್ರಕಟವಾಯಿತು. ಕೆಲವು ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್‌ನಂಥ ಬೌದ್ಧಿಕ ಆಸ್ತಿಯನ್ನು ಆ ದೇಶದ ಲೆಕ್ಕಪುಸ್ತಕಕ್ಕೆ ವರ್ಗಾಯಿಸಿದ್ದವು, ಗುತ್ತಿಗೆಗೆ ಕೊಡುವ ವಿಮಾನಗಳ ಲೆಕ್ಕವೂ ಅಲ್ಲಿಗೆ ಬಂದಿತ್ತು. ಆಸ್ತಿ ಕಾಗದದ ಮೇಲೆ ಬಂತು, ಅದರ ಲಾಭ ಐರ್ಲೆಂಡ್‌ನ ಉತ್ಪನ್ನವಾಯಿತು, ಕೊನೆಗೆ ಸೇರಿದ್ದು ಹೊರದೇಶದ ಷೇರುದಾರರನ್ನು. ಅಲ್ಲಿನ ಕೇಂದ್ರ ಅಂಕಿಅಂಶ ಕಚೇರಿ 2017ರಿಂದ ಇಂಥದ್ದನ್ನೆಲ್ಲ ತೆಗೆದುಹಾಕಿದ ಬೇರೊಂದು ರಾಷ್ಟ್ರೀಯ ಆದಾಯದ ಅಳತೆಯನ್ನು ಪ್ರಕಟಿಸುತ್ತಿದೆ. ಅದು ಜಿಡಿಪಿಗಿಂತ ಮೂರನೇ ಒಂದಕ್ಕೂ ಹೆಚ್ಚು ಚಿಕ್ಕದು. ತಮ್ಮದೇ ಹೊಳೆಯುವ ಅಂಕಿಯನ್ನು ನಂಬಬೇಡಿ ಎಂದು ಜನರಿಗೆ ಹೇಳಿದ ಆ ಕಚೇರಿಯ ಪ್ರಾಮಾಣಿಕತೆ ಮೆಚ್ಚುವಂಥದ್ದು.

ಖನಿಜ ಮತ್ತು ತೈಲದ ದೇಶಗಳಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತದೆ. ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ ತೈಲ ಉತ್ಪಾದನೆ ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. 2022ರಲ್ಲಿ ಅದರ ಬೆಳವಣಿಗೆ ಶೇ. 60ನ್ನು ದಾಟಿತು. ಆದರೆ 2016ರ ಒಪ್ಪಂದದ ಪ್ರಕಾರ ಮಾರಿದ ತೈಲದ ಮೌಲ್ಯದಲ್ಲಿ ಶೇ. 75ರವರೆಗೆ ಕಂಪನಿಗಳು ತಮ್ಮ ವೆಚ್ಚದ ವಸೂಲಿಗೆ ತೆಗೆದುಕೊಳ್ಳಬಹುದು. ಉಳಿದ 25ರಲ್ಲಿ ಅರ್ಧ ಸರ್ಕಾರಕ್ಕೆ, ಜೊತೆಗೆ ಶೇ. 2 ರಾಯಧನ. ಹಾಗಾಗಿ ಆರಂಭದ ವರ್ಷಗಳಲ್ಲಿ 100ರಲ್ಲಿ ಸರ್ಕಾರಕ್ಕೆ ಸಿಗುವುದು 14.5. ವೆಚ್ಚದ ಬಾಕಿ ತೀರುತ್ತಾ ಬಂದಂತೆ ಈ ಪಾಲು ಹೆಚ್ಚುತ್ತದೆ. ಸಮುದ್ರದ ಮಧ್ಯದ ತೈಲ ಹಡಗಿನಲ್ಲಿ ಸ್ಥಳೀಯರಿಗೆ ಕೆಲಸ ಸಿಗುವುದೂ ಕಡಿಮೆ. ಹೀಗಾಗಿ ಸರ್ಕಾರ ತನ್ನ ಪಾಲನ್ನು ಹೇಗೆ ಖರ್ಚು ಮಾಡುತ್ತದೆ ಎಂಬುದೊಂದೇ ಜನರಿಗೆ ಉಳಿಯುವ ದಾರಿ.

ಆ ದಾರಿಯೂ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಈಕ್ವಟೋರಿಯಲ್ ಗಿನಿ ತೋರಿಸುತ್ತದೆ. 1990ರ ದಶಕದ ನಡುವಿನಲ್ಲಿ ಅಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. ಮುಂದಿನ ಹತ್ತು ವರ್ಷಗಳಲ್ಲಿ ತಲಾ ಆದಾಯ ಆಫ್ರಿಕಾದ ಮುಂಚೂಣಿಗೆ ಬಂತು. ಆದರೆ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಪಟ್ಟಿಯಲ್ಲಿ ಆ ದೇಶ ಆದಾಯಕ್ಕೆ ತಕ್ಕ ಸ್ಥಾನಕ್ಕಿಂತ ಬಹಳ ಕೆಳಗೇ ಉಳಿಯಿತು. 1979ರಿಂದ ಅಧಿಕಾರದಲ್ಲಿರುವ ಒಂದೇ ಆಡಳಿತದ ಕೈಯಲ್ಲಿ ತೈಲದ ಹಣ ಸೇರಿಕೊಂಡಿತ್ತು, ಶಾಲೆ ಮತ್ತು ಆರೋಗ್ಯಕ್ಕೆ ಹರಿದದ್ದು ಅತಿ ಕಡಿಮೆ.

ಆ ದಾರಿಯನ್ನು ತೆರೆದಿಟ್ಟ ದೇಶಗಳೂ ಇವೆ. ಆಫ್ರಿಕಾದ ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಕಡುಬಡ ದೇಶಗಳಲ್ಲೊಂದು, ಮರುವರ್ಷವೇ ಅಲ್ಲಿ ವಜ್ರ ಸಿಕ್ಕಿತು. ಗಣಿ ಕಂಪನಿಯಲ್ಲಿ ಸರ್ಕಾರ ಮುಂದೆ ಅರ್ಧ ಪಾಲು ಪಡೆಯಿತು, ಆ ಆದಾಯ ಶಾಲೆ, ರಸ್ತೆ, ಚಿಕಿತ್ಸಾಲಯಗಳಿಗೆ ಹೋಯಿತು. ಅಲ್ಲೂ ಅಸಮಾನತೆ ಇಂದಿಗೂ ವಿಪರೀತ, ಹಾಗಾಗಿ ಅದನ್ನು ಆದರ್ಶ ಎನ್ನಲಾರೆ. ನಾರ್ವೆ 1990ರಲ್ಲಿ ಕಾನೂನು ಮಾಡಿ, 1996ರಿಂದ ತೈಲದ ಹಣವನ್ನು ಒಂದು ನಿಧಿಗೆ ಹಾಕತೊಡಗಿತು. ಸರ್ಕಾರ ವರ್ಷಕ್ಕೆ ಅದರಿಂದ ತೆಗೆಯುವುದು ನಿರೀಕ್ಷಿತ ನೈಜ ಗಳಿಕೆಯಷ್ಟೇ ಎಂಬ ನಿಯಮ 2001ರಲ್ಲಿ ಬಂತು. ಅಂದು ಆ ಮಿತಿ ನಿಧಿಯ ಶೇ. 4, 2017ರಿಂದ ಶೇ. 3. ಇಂಥ ಮಿತಿಗೆ ಕಾರಣವಿದೆ: ತೈಲದ ಹಣ ಒಮ್ಮೆಗೇ ದೇಶದೊಳಗೆ ನುಗ್ಗಿದರೆ ಕರೆನ್ಸಿ ಬಲಗೊಂಡು, ಉಳಿದ ಕಾರ್ಖಾನೆಗಳ ರಫ್ತು ದುಬಾರಿಯಾಗಿ, ಅಲ್ಲಿನ ಕೆಲಸಗಳು ಸಾಯುತ್ತವೆ. ನೆದರ್ಲೆಂಡ್ಸ್‌ನಲ್ಲಿ 1959ರಲ್ಲಿ ಸಿಕ್ಕ ಅನಿಲ ನಿಕ್ಷೇಪದ ನಂತರ ಹೀಗಾದದ್ದರಿಂದಲೇ ಇದಕ್ಕೆ ಡಚ್ ಕಾಯಿಲೆ ಎಂಬ ಹೆಸರು ಬಂತು.

ಕೆಲಸ ಎಲ್ಲಿದೆ, ಬೆಳವಣಿಗೆ ಎಲ್ಲಿದೆ

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ, ಯಾಕೆಂದರೆ ಹೆಚ್ಚಿನ ಮನೆಗಳಿಗೆ ದುಡಿಮೆ ಬಿಟ್ಟರೆ ಬೇರೆ ಆದಾಯವಿಲ್ಲ.

ಮತ್ತೆ ಒಂದು ಸಣ್ಣ ಲೆಕ್ಕ. ಒಂದು ದೇಶದಲ್ಲಿ ಹಣಕಾಸು, ತಂತ್ರಾಂಶ, ಗಣಿಗಾರಿಕೆ ಸೇರಿ ಉತ್ಪನ್ನದ ಶೇ. 25, ಆದರೆ ಕೆಲಸಗಾರರಲ್ಲಿ ಶೇ. 5 ಮಾತ್ರ. ಈ ವಲಯ ಶೇ. 15ರಂತೆ ಬೆಳೆಯುತ್ತದೆ. ಕೃಷಿ ಉತ್ಪನ್ನದ ಶೇ. 18, ಕೆಲಸಗಾರರ ಶೇ. 45, ಬೆಳವಣಿಗೆ ಶೇ. 2.5. ಉಳಿದ ಶೇ. 57ರಷ್ಟು ಉತ್ಪನ್ನ ಶೇ. 5ರಂತೆ ಬೆಳೆಯುತ್ತದೆ. ಕೂಡಿಸಿ: 3.75, 0.45, 2.85. ಒಟ್ಟು ಸುಮಾರು ಶೇ. 7. ಪತ್ರಿಕೆಯ ಮುಖಪುಟದಲ್ಲಿ ಬರುವುದು ಈ ಏಳು. ಅದರ ಅರ್ಧಕ್ಕಿಂತ ಹೆಚ್ಚನ್ನು ತಂದದ್ದು ನೂರರಲ್ಲಿ ಐದು ಜನರಿರುವ ವಲಯ. ನಲವತ್ತೈದು ಜನ ಬದುಕುತ್ತಿರುವುದು ಎರಡೂವರೆ ಶೇಕಡದ ಆರ್ಥಿಕತೆಯಲ್ಲಿ. ಬೇರೆ ಕೆಲಸ ಸಿಗದೆ ಇನ್ನಷ್ಟು ಜನ ಹೊಲಕ್ಕೇ ಮರಳಿದರೆ ತಲೆಗೆ ಸಿಗುವುದು ಇನ್ನೂ ಕಡಿಮೆ. ಇದು ಬರೀ ಕಾಲ್ಪನಿಕ ಚಿತ್ರವಲ್ಲ: ಭಾರತದ ಇತ್ತೀಚಿನ ಕಾರ್ಮಿಕ ಸಮೀಕ್ಷೆಗಳಲ್ಲಿ ದುಡಿಯುವವರ ಸುಮಾರು ಶೇ. 46 ಕೃಷಿಯಲ್ಲಿದ್ದಾರೆ, ಉತ್ಪನ್ನದಲ್ಲಿ ಕೃಷಿಯ ಪಾಲು ಶೇ. 18ರ ಆಸುಪಾಸು.

ಕೆಲಸಕ್ಕಾಗಿ ಕಾಯುವವರು ಹೆಚ್ಚಿದ್ದಾಗ ಕೂಲಿ ಏಕೆ ಏರುವುದಿಲ್ಲ ಎಂಬುದನ್ನು ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲೇ ವಿವರಿಸಿದ್ದರು. ಹಳ್ಳಿಯಲ್ಲಿ ಅರೆಕೆಲಸದಲ್ಲಿ ದಿನ ದೂಡುವವರು ಇರುವ ತನಕ ಕಾರ್ಖಾನೆಯ ಮಾಲೀಕ ಹಳ್ಳಿಯ ಗಳಿಕೆಗಿಂತ ತುಸು ಹೆಚ್ಚು ಕೊಟ್ಟರೆ ಸಾಕು, ಜನ ಬರುತ್ತಾರೆ. ಉತ್ಪಾದನೆ ಎಷ್ಟೇ ಹೆಚ್ಚಲಿ, ಹೆಚ್ಚಿದ್ದು ಲಾಭವಾಗುತ್ತದೆ. ಆ ಲಾಭ ಮತ್ತೆ ಕೆಲಸ ಹುಟ್ಟಿಸುವ ಕಾರ್ಖಾನೆಗಳಿಗೆ ಹೂಡಿಕೆಯಾದರೆ ಒಂದು ದಿನ ಕಾಯುವವರ ಸಾಲು ಮುಗಿಯುತ್ತದೆ, ಅಲ್ಲಿಂದ ಕೂಲಿ ಏರತೊಡಗುತ್ತದೆ. ಲಾಭ ಭೂಮಿ ಖರೀದಿಗೋ, ಹೊರದೇಶಕ್ಕೋ, ಜನ ಬೇಕಿಲ್ಲದ ಯಂತ್ರಗಳಿಗೋ ಹೋದರೆ ಆ ದಿನ ಬರುವುದೇ ಇಲ್ಲ.

ಬ್ರಿಟನ್ನಿನ ಕೈಗಾರಿಕಾ ಕ್ರಾಂತಿಯಲ್ಲೇ ಇದು ಆಗಿತ್ತು. ಆರ್ಥಿಕ ಇತಿಹಾಸಕಾರ ರಾಬರ್ಟ್ ಅಲೆನ್ ಅವರ ಅಂದಾಜಿನಲ್ಲಿ 1780ರಿಂದ 1840ರವರೆಗೆ ಪ್ರತಿ ಕಾರ್ಮಿಕನ ಉತ್ಪಾದನೆ ಸುಮಾರು ಶೇ. 46 ಏರಿದರೆ ನೈಜ ಕೂಲಿ ಏರಿದ್ದು ಶೇ. 12ರಷ್ಟು. ಅರವತ್ತು ವರ್ಷ ಎಂದರೆ ಎರಡು ತಲೆಮಾರು. ಜಗತ್ತನ್ನೇ ಬದಲಿಸಿದ ಬೆಳವಣಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಿದ ಜನ ಅದರ ಫಲ ಕಾಣದೆ ತೀರಿಕೊಂಡರು. ಮುಂದೆ ಕೂಲಿ ವೇಗವಾಗಿ ಏರಿತು. ಧಾನ್ಯದ ಆಮದಿನ ಮೇಲಿದ್ದ ಸುಂಕದ ಕಾನೂನು 1846ರಲ್ಲಿ ರದ್ದಾಗಿ ಆಹಾರ ಅಗ್ಗವಾದದ್ದು, 1871ರಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದು ಕಾರಣಗಳಲ್ಲಿ ಸೇರುತ್ತವೆ. ಕಾಲ ಕಳೆದರೆ ತಾನಾಗಿಯೇ ಎಲ್ಲರಿಗೂ ತಲುಪುತ್ತದೆ ಎನ್ನುವವರು ಈ ಕಾನೂನುಗಳನ್ನು ಮರೆತು ಮಾತಾಡುತ್ತಾರೆ.

ದಕ್ಷಿಣ ಕೊರಿಯಾ ಮತ್ತು ತೈವಾನ್ ಈ ಕಾಯುವಿಕೆಯನ್ನು ಬಹಳ ಮೊಟಕುಗೊಳಿಸಿದವು. ಎರಡೂ ಕಡೆ 1950ರ ಆಸುಪಾಸಿನಲ್ಲಿ ಜಮೀನುದಾರರ ಭೂಮಿ ಗೇಣಿದಾರರ ಕೈಗೆ ಬಂತು, ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ಸಿಕ್ಕಿತು, ಆಮೇಲೆ ಬಟ್ಟೆ, ಪಾದರಕ್ಷೆಯಂಥ ಹೆಚ್ಚು ಕೈಗಳು ಬೇಕಾಗುವ ಸರಕುಗಳ ರಫ್ತು ಬೆಳೆಯಿತು. ಅನುಕ್ರಮ ಗಮನಿಸಿ. ಬೆಳವಣಿಗೆ ಬರುವ ಮೊದಲೇ ಸಾಮಾನ್ಯ ಮನೆಗಳ ಕೈಯಲ್ಲಿ ಒಂದಿಷ್ಟು ಆಸ್ತಿಯೂ ಅಕ್ಷರವೂ ಇದ್ದವು.

ಬಾಡಿಗೆ ತಿನ್ನುವ ಸಂಬಳ

ಬೆಳೆಯುವ ನಗರದಲ್ಲಿ ಸಂಬಳ ನಿಜವಾಗಿಯೂ ಏರಬಹುದು. ಆದರೆ ಭೂಮಿ ಏರುವುದಿಲ್ಲ, ಅದು ಇದ್ದಷ್ಟೇ. ಕೆಲಸ ಇರುವ ಜಾಗದ ಹತ್ತಿರ ವಾಸಿಸಲು ಎಲ್ಲರೂ ಪೈಪೋಟಿ ಮಾಡಿದಾಗ ಹೆಚ್ಚಿದ ಸಂಬಳದ ದೊಡ್ಡ ಪಾಲು ಬಾಡಿಗೆಯಾಗಿ ಜಾಗದ ಒಡೆಯನಿಗೆ ಸೇರುತ್ತದೆ.

100 ಆದಾಯದ ಒಂದು ಮನೆ 25 ಬಾಡಿಗೆಗೆ, 5 ಓಡಾಟಕ್ಕೆ ಕೊಟ್ಟು 70 ಉಳಿಸಿಕೊಳ್ಳುತ್ತಿತ್ತು ಎನ್ನಿ. ಐದು ವರ್ಷದಲ್ಲಿ ಆದಾಯ 120 ಆಯಿತು, ಬಾಡಿಗೆ 38, ಓಡಾಟ 9. ಉಳಿದದ್ದು 73. ಸಂಬಳದ ಏರಿಕೆ ಶೇ. 20, ಕೈಗೆ ಹತ್ತಿದ್ದು ಬರೀ 3. ಅದೂ ಉಳಿದ ವಸ್ತುಗಳ ಬೆಲೆ ಏರಲೇ ಇಲ್ಲ ಎಂದು ಭಾವಿಸಿದರೆ. ಬಾಡಿಗೆ ತಡೆಯಲಾಗದೆ ದೂರಕ್ಕೆ ಹೋದವರ ಕಥೆ ಇನ್ನೊಂದು: ಒಂದು ಕಡೆಯ ಪ್ರಯಾಣ 40 ನಿಮಿಷದಿಂದ 75 ನಿಮಿಷಕ್ಕೆ ಏರಿದರೆ ತಿಂಗಳ 25 ಕೆಲಸದ ದಿನಗಳಲ್ಲಿ 29 ಗಂಟೆ ಹೆಚ್ಚುವರಿಯಾಗಿ ಹೋಗುತ್ತದೆ. ಸಂಬಳವಿಲ್ಲದ ಮೂರೂವರೆ ದಿನದ ದುಡಿಮೆ ಅದು. ಆ ಪ್ರಯಾಣಕ್ಕೆ ಸುಟ್ಟ ಇಂಧನ, ಕೊಟ್ಟ ಟಿಕೆಟ್ ಹಣ ಜಿಡಿಪಿಗೆ ಜಮೆಯಾಗುತ್ತದೆ, ಕಳೆದ ಗಂಟೆಗಳು ಎಲ್ಲೂ ಖರ್ಚಾಗಿ ಬರುವುದಿಲ್ಲ. ಇದನ್ನು ಸರಿಪಡಿಸುವ ಉಪಾಯಗಳು ಗೊತ್ತಿಲ್ಲದವೇನಲ್ಲ: ಕೆಲಸದ ಜಾಗಗಳ ಹತ್ತಿರ ಹೆಚ್ಚು ಮನೆ ಕಟ್ಟಲು ಅವಕಾಶ, ಸಾರ್ವಜನಿಕ ಸಾರಿಗೆ, ಖಾಲಿ ಬಿಟ್ಟ ನಿವೇಶನದ ಮೇಲೆ ತೆರಿಗೆ. ಜಾಗ ಇರುವವರೇ ನಿಯಮ ಮಾಡುವವರ ಹತ್ತಿರ ಇರುವುದರಿಂದ ಅವು ಜಾರಿಯಾಗುವುದು ನಿಧಾನ.

ಆಯುಷ್ಯ, ಆರೋಗ್ಯ ಮತ್ತು ಲೆಕ್ಕ ತಪ್ಪಿಸಿಕೊಳ್ಳುವ ಇತರ ಸಂಗತಿಗಳು

ಆಸ್ಪತ್ರೆಯ ಬಿಲ್ ದೊಡ್ಡದಾದಷ್ಟೂ ಜಿಡಿಪಿ ದೊಡ್ಡದಾಗುತ್ತದೆ. ಅಮೆರಿಕ ತನ್ನ ಜಿಡಿಪಿಯ ಶೇ. 17ರಷ್ಟನ್ನು ಆರೋಗ್ಯಕ್ಕೆ ಖರ್ಚು ಮಾಡುತ್ತದೆ, ಬೇರಾವ ದೊಡ್ಡ ದೇಶವೂ ಅಷ್ಟು ಮಾಡುವುದಿಲ್ಲ. ಆದರೂ 2015, 2016 ಮತ್ತು 2017ರಲ್ಲಿ, ಆರ್ಥಿಕತೆ ಬೆಳೆಯುತ್ತಿದ್ದಾಗಲೇ, ಅಲ್ಲಿನ ಸರಾಸರಿ ಆಯುಷ್ಯ ಇಳಿಯಿತು. ನೋವು ನಿವಾರಕ ಮತ್ತು ಮಾದಕ ದ್ರವ್ಯಗಳ ಅತಿಸೇವನೆಯ ಸಾವುಗಳು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಅಮೆರಿಕಕ್ಕಿಂತ ಎಷ್ಟೋ ಕಡಿಮೆ ತಲಾ ಆದಾಯದ, ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟಾ ರಿಕಾ ಆಯುಷ್ಯದಲ್ಲಿ ಅದಕ್ಕೆ ಸಮ, ಕೆಲವು ವರ್ಷಗಳಲ್ಲಿ ಒಂದು ಕೈ ಮೇಲೆ. 1948ರ ಅಂತರ್ಯುದ್ಧದ ನಂತರ ಆ ದೇಶ ಸೈನ್ಯವನ್ನೇ ರದ್ದು ಮಾಡಿತು. ಸಾಮಾಜಿಕ ವಿಮೆಯನ್ನೂ ಊರೂರಿನ ಪ್ರಾಥಮಿಕ ಆರೋಗ್ಯ ತಂಡಗಳನ್ನೂ ದಶಕಗಳ ಕಾಲ ಕಟ್ಟುತ್ತಾ ಬಂತು. ಮಕ್ಕಳ ಲಸಿಕೆ, ಶುದ್ಧ ನೀರು, ಹೆರಿಗೆಯ ಹೊತ್ತಿನ ಆರೈಕೆ ಇವಕ್ಕೆ ತಗಲುವ ವೆಚ್ಚ ಕಡಿಮೆ, ಉಳಿಯುವ ಜೀವಗಳು ಬಹಳ. ಆದ್ದರಿಂದಲೇ ಬೆಳವಣಿಗೆ ನಿಧಾನವಿದ್ದ ದೇಶಗಳೂ ಆಯುಷ್ಯದಲ್ಲಿ ಮುಂದೆ ಹೋಗಿವೆ.

ತೆರಿಗೆ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಸರ್ಕಾರದ ಆದಾಯ ಹೆಚ್ಚಾಗಿ ಸರಕಿನ ಮೇಲಿನ ಪರೋಕ್ಷ ತೆರಿಗೆಯಿಂದ ಬಂದರೆ, ಗಳಿಸಿದ್ದನ್ನೆಲ್ಲ ಖರ್ಚು ಮಾಡಲೇಬೇಕಾದ ಮನೆ ತನ್ನ ಆದಾಯದ ಹೆಚ್ಚು ಭಾಗವನ್ನು ತೆರಿಗೆಯಾಗಿ ಕಟ್ಟುತ್ತದೆ, ಅರ್ಧ ಉಳಿಸುವ ಮನೆ ಕಡಿಮೆ ಕಟ್ಟುತ್ತದೆ.

ಇನ್ನು ಬಂಡವಾಳವನ್ನೇ ತಿಂದು ಬೆಳೆಯುವುದು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ನೌರು, ವಿಸ್ತೀರ್ಣ 21 ಚದರ ಕಿಲೋಮೀಟರ್. ರಸಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಅಗೆದು ಮಾರಿ 1970ರ ದಶಕದಲ್ಲಿ ಅದು ತಲಾ ಆದಾಯದಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿಗೆ ಸೇರಿತ್ತು. ನಿಕ್ಷೇಪ ಮುಗಿಯುವ ಹೊತ್ತಿಗೆ ದ್ವೀಪದ ನಡುಭಾಗವೆಲ್ಲ ಬೇಸಾಯಕ್ಕೂ ವಾಸಕ್ಕೂ ಒದಗದ ಚೂಪು ಕಲ್ಲುಗಳ ಬಯಲಾಗಿತ್ತು, ಭವಿಷ್ಯಕ್ಕೆಂದು ಕೂಡಿಟ್ಟ ನಿಧಿಯೂ ಕೆಟ್ಟ ಹೂಡಿಕೆಗಳಲ್ಲಿ ಕರಗಿತ್ತು. ಜಿಡಿಪಿಯಲ್ಲಿ ಅಗೆದ ಖನಿಜ ಆದಾಯ, ಖಾಲಿಯಾದ ನೆಲ ನಷ್ಟವಲ್ಲ. ಅಂತರ್ಜಲ, ಕಾಡು, ಮೀನು, ಫಲವತ್ತಾದ ಮಣ್ಣು ಇವುಗಳ ವಿಷಯದಲ್ಲೂ ಲೆಕ್ಕದ ರೀತಿ ಅದೇ. ಮನೆಗಳು ಸಾಲ ಮಾಡಿ ಖರ್ಚು ಮಾಡುವುದರಿಂದ ಬರುವ ಬೆಳವಣಿಗೆಯೂ ಇದಕ್ಕೆ ಹತ್ತಿರದ್ದೇ. ಸಾಲ ಪಡೆದ ವರ್ಷ ಬಳಕೆ ಏರುತ್ತದೆ, ಕಂತು ಕಟ್ಟುವ ವರ್ಷಗಳಲ್ಲಿ ಇಳಿಯುತ್ತದೆ. 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನ ನಂತರ ಸ್ಪೇನ್ ಮತ್ತು ಐರ್ಲೆಂಡ್‌ನ ಸಾಮಾನ್ಯ ಜನ ಇದನ್ನು ಅನುಭವಿಸಿದರು.

ಮನೆಯಲ್ಲಿ ಸಂಬಳವಿಲ್ಲದೆ ಮಾಡುವ ಅಡುಗೆ, ಮಕ್ಕಳ ಮತ್ತು ವೃದ್ಧರ ಆರೈಕೆ ಜಿಡಿಪಿಯ ಹೊರಗೇ ಇದೆ. ಅದೇ ಕೆಲಸವನ್ನು ಹಣ ಕೊಟ್ಟು ಮಾಡಿಸಿದರೆ ಒಳಗೆ ಬರುತ್ತದೆ. ಹೆಣ್ಣುಮಕ್ಕಳು ಹೊರಗಿನ ಕೆಲಸಕ್ಕೂ ಹೋಗಿ ಮನೆಯ ಕೆಲಸವನ್ನೂ ಹೊತ್ತಾಗ ದೇಶದ ಉತ್ಪನ್ನ ಏರುತ್ತದೆ, ಅವರ ನಿದ್ದೆಯ ಗಂಟೆ ಇಳಿಯುತ್ತದೆ.

ಹಾಗಾದರೆ ಬೆಳವಣಿಗೆ ಬೇಡವೇ?

ಬೇಕು. ಬಡ ದೇಶ ಬೆಳೆಯದೆ ಬಡತನ ನೀಗಿದ ಉದಾಹರಣೆ ಹುಡುಕುವುದು ಕಷ್ಟ. ಹಂಚುವುದಕ್ಕೂ ಏನಾದರೂ ಇರಬೇಕಲ್ಲ. ಚೀನಾದಲ್ಲಿ 1978ರ ನಂತರದ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು ಎಂದು ವಿಶ್ವಬ್ಯಾಂಕ್ ಅಂದಾಜು ಮಾಡಿದೆ. ಆದರೆ ಬಡತನದ ಮೊದಲ ದೊಡ್ಡ ಇಳಿಕೆ ಬಂದದ್ದು 1980ರ ದಶಕದ ಆರಂಭದಲ್ಲಿ, ಹಳ್ಳಿಗಳಲ್ಲಿ. ಸಾಮೂಹಿಕ ಜಮೀನಿನ ಸಾಗುವಳಿಯ ಹಕ್ಕು ಕುಟುಂಬಗಳಿಗೆ ಸಿಕ್ಕಿತ್ತು, ಸರ್ಕಾರ ಧಾನ್ಯಕ್ಕೆ ಕೊಡುವ ಬೆಲೆಯನ್ನು ಏರಿಸಿತ್ತು. ಗಗನಚುಂಬಿ ಕಟ್ಟಡಗಳ ಬೆಳವಣಿಗೆ ಬಂದದ್ದು ಆಮೇಲೆ. ಆ ನಂತರದ ಘಟ್ಟದಲ್ಲಿ ದೇಶದ ಉತ್ಪನ್ನದಲ್ಲಿ ಮನೆಗಳ ಬಳಕೆಯ ಪಾಲು ಶೇ. 40ಕ್ಕಿಂತ ಕೆಳಗಿಳಿದು ಇನ್ನೂ ಅಲ್ಲೇ ಇದೆ. ಹೆಚ್ಚಿನ ದೇಶಗಳಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಬೆಳವಣಿಗೆಯ ವೇಗ ಎರಡೂ ಘಟ್ಟಗಳಲ್ಲಿ ಜೋರಾಗಿಯೇ ಇತ್ತು, ಸಾಮಾನ್ಯ ಮನೆಗೆ ಸಿಕ್ಕ ಪಾಲು ಬೇರೆ ಬೇರೆ.

ಯಾವುದೇ ದೇಶದ ಬೆಳವಣಿಗೆ ದರ ಓದಿದಾಗ ಪರೀಕ್ಷಿಸುವ ಕ್ರಮ ಇಷ್ಟು. ಮೊದಲು ಜನಸಂಖ್ಯೆಯ ಏರಿಕೆಯನ್ನು ಕಳೆಯಿರಿ. ಜಿಡಿಪಿಯ ಬದಲು ರಾಷ್ಟ್ರೀಯ ಆದಾಯ ಸಿಕ್ಕರೆ ಅದನ್ನು ತೆಗೆದುಕೊಳ್ಳಿ, ಹೊರಗೆ ಹೋದ ಲಾಭ ಅಲ್ಲಿ ಕಳೆದಿರುತ್ತದೆ. ಯಂತ್ರ, ಕಟ್ಟಡಗಳ ಸವಕಳಿಯನ್ನೂ ಕಳೆದ ನಿವ್ವಳ ಆದಾಯ ಸಿಕ್ಕರೆ ಇನ್ನೂ ಒಳ್ಳೆಯದು. ಆಮೇಲೆ ಅದರಲ್ಲಿ ಮನೆಗಳ ಖರ್ಚುಮಾಡಬಹುದಾದ ಆದಾಯ ಎಷ್ಟು, ಅದರ ಪಾಲು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಮುಂದೆ ಮಧ್ಯಾಂಕ ಆದಾಯ ಅಥವಾ ಮಧ್ಯಾಂಕ ಬಳಕೆ. ಮನೆ ಸಮೀಕ್ಷೆಗಳಲ್ಲಿ ಅತಿ ಶ್ರೀಮಂತರು ಸಾಮಾನ್ಯವಾಗಿ ಸಿಗುವುದಿಲ್ಲ ಅಥವಾ ಪೂರ್ತಿ ಹೇಳುವುದಿಲ್ಲ, ಹಾಗಾಗಿ ಅಸಮಾನತೆಯ ಅಂಕಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಮಧ್ಯಾಂಕಕ್ಕೆ ಮಾತ್ರ ಈ ದೋಷ ಹೆಚ್ಚು ತಟ್ಟುವುದಿಲ್ಲ. ನಿರುದ್ಯೋಗ ದರ ಒಂದನ್ನೇ ನಂಬಬೇಡಿ. ಬಡ ದೇಶದಲ್ಲಿ ಸುಮ್ಮನೆ ಕೂರುವುದು ಯಾರಿಗೂ ಸಾಧ್ಯವಿಲ್ಲ, ಎರಡು ಗಂಟೆಯ ಕೆಲಸ ಸಿಕ್ಕವರೂ ಉದ್ಯೋಗಿಗಳ ಲೆಕ್ಕದಲ್ಲೇ ಸೇರುತ್ತಾರೆ. ಅದರ ಬದಲು ತಿಂಗಳ ಸಂಬಳದ ಕೆಲಸದಲ್ಲಿರುವವರ ಪಾಲು ನೋಡಿ. ಐದು ವರ್ಷದೊಳಗಿನ ಮಕ್ಕಳ ಕುಂಠಿತ ಬೆಳವಣಿಗೆಯ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಬಾರದ ಮಕ್ಕಳ, ಪ್ರಮಾಣ ನೋಡಿ. ಭಾರತದಲ್ಲಿ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಅದು ಶೇ. 35.5 ಇತ್ತು, ಹಿಂದಿನ ಸಮೀಕ್ಷೆಯ ಶೇ. 38.4ರಿಂದ ಇಳಿದದ್ದು ಮೂರು ಅಂಶ ಮಾತ್ರ. ಆ ಅವಧಿಯ ಹೆಚ್ಚಿನ ವರ್ಷಗಳಲ್ಲಿ ಆರ್ಥಿಕತೆಯ ವೇಗ ಚೆನ್ನಾಗಿತ್ತು, 2020ರಲ್ಲಿ ಕೋವಿಡ್‌ನಿಂದ ಕುಸಿಯಿತು.

ಒಂದೇ ಅಂಕಿ ನೋಡಲು ಸಮಯವಿದ್ದರೆ ಕೌಶಲವಿಲ್ಲದ ದಿನಗೂಲಿ ಕಾರ್ಮಿಕರ ನೈಜ ಕೂಲಿಯನ್ನು ನೋಡಿ. ಒಂದು ದಿನದ ಕೂಲಿಯನ್ನು ಆ ವರ್ಗದವರು ಕೊಳ್ಳುವ ದಿನಸಿಯ ಬೆಲೆಯಿಂದ ಭಾಗಿಸಿದರೆ ಸಾಕು, ಹಣದುಬ್ಬರ ತಾನಾಗಿಯೇ ಕಳೆದುಹೋಗುತ್ತದೆ. ಐದು ವರ್ಷದ ಹಿಂದಿನ ಅದೇ ತಿಂಗಳಿನ ಅಂಕಿಯೊಂದಿಗೆ ಹೋಲಿಸಿ, ಯಾಕೆಂದರೆ ಬಿತ್ತನೆ ಕೊಯ್ಲಿನ ಕಾಲಕ್ಕೆ ಕೂಲಿ ಏರಿಳಿಯುತ್ತದೆ. ಕೆಲಸ ಕೇಳುವವರು ಕಡಿಮೆಯಾಗಿ ಕೆಲಸ ಹೆಚ್ಚಾದರೆ ಈ ಭಾಗಲಬ್ಧ ಒಂದೆರಡು ವರ್ಷದಲ್ಲೇ ಮೇಲೇಳುತ್ತದೆ. ದೇಶ ವರ್ಷಕ್ಕೆ ಶೇ. 7ರಂತೆ ಬೆಳೆದು, ಐದು ವರ್ಷದ ನಂತರವೂ ಇದು ಅಲುಗಾಡದಿದ್ದರೆ ಬೆಳವಣಿಗೆ ಆ ಮನೆಗಳ ಹತ್ತಿರ ಹೋಗಿಲ್ಲ ಎಂದೇ ತಿಳಿಯಬೇಕು.